ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ವರೆಗೆ ಸೈಕಲ್‌ನಲ್ಲಿ: ಯಾರಾದರೂ ಹೋಗಿ ಬಂದಿದ್ದೀರಾ?

ಚಾಮುಂಡಿ ಚೈನು, ಮೈಸೂರು:
ಎಲ್ಲರಿಗೂ ನಮಸ್ಕಾರ. ಈ ಸಲ ದಸರಾ ರಜೆಗೆ ನಾನು, ನನ್ನ ಹೆಂಡತಿ ಊರಲ್ಲಿ ಇರುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ. (ಜಂಬೂ ಸವಾರಿ ನೋಡೋಕೆ ಬರುವ ನೆಂಟರಿಗೆ ಇನ್ನೂ ಹೇಳಿಲ್ಲ, ಅದು ಬೇರೆ ಕಥೆ.) ಕ್ರೊಯೇಷಿಯಾದ ಸಮುದ್ರದ ದಂಡೆಯಲ್ಲಿ ಒಂದು ವಾರ, ಹತ್ತು ದಿನ ಸೈಕಲ್ ಹೊಡೆಯುವ ಆಸೆ. ಯೂರೋವೆಲೊ 8 ಅಂತ ಒಂದು ದಾರಿ ಇದೆ, ಸ್ಪೇನ್‌ನ ಕಾಡಿಜ್‌ನಿಂದ ಶುರುವಾಗಿ ಮೆಡಿಟರೇನಿಯನ್ ಉದ್ದಕ್ಕೂ ಸಾಗುತ್ತದೆ. ಅದರಲ್ಲಿ ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್ ಭಾಗ ಚೆನ್ನಾಗಿ ಕಾಣಿಸಿತು. ನಾನು ಬೆಟ್ಟ ಹತ್ತುತ್ತೇನೆ, ತೊಂದರೆ ಇಲ್ಲ. ಅವಳು ರಂಗನತಿಟ್ಟಿಗೆ ಹೋಗಿ ಬರೋದು ಆರಾಮ, ಆದರೆ ಚಾಮುಂಡಿ ಬೆಟ್ಟ ಅಂದರೆ ಅರ್ಧಕ್ಕೇ ಇಳಿದು ತಳ್ಳುತ್ತಾಳೆ. ನಮಗೆ ಆಗುತ್ತಾ? ನಮ್ಮ ಸೈಕಲ್ ತಗೊಂಡು ಹೋಗೋದಾ, ಅಲ್ಲೇ ಬಾಡಿಗೆಗಾ? ವೀಸಾ ಹೇಗೆ? ಅವಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಊಟದ ಗತಿ ಏನು?

ನಾಲೆ ಏರಿ, ಮಂಡ್ಯ:
ಹೋಗಿ ಬಂದಿದ್ದೇನೆ ಸರ್. ಮೊದಲು ಒಂದು ಮಾತು, ಮ್ಯಾಪ್‌ನಲ್ಲಿ ದಂಡೆಗೆ ಅಂಟಿಕೊಂಡು ಹೋಗುವ ಆ ಗೆರೆ ಇದೆಯಲ್ಲ, ಅದು ಡಿ8 ಹೆದ್ದಾರಿ, ಅಲ್ಲಿಯವರು ಮಾಗಿಸ್ಟ್ರಾಲಾ ಅಂತಾರೆ. ನೋಟ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟೋ ಕಡೆ ರಸ್ತೆ ಪಕ್ಕ ಒಂದು ಅಡಿ ಜಾಗವೂ ಇಲ್ಲ, ಒಂದು ಕಡೆ ಬಂಡೆ, ಇನ್ನೊಂದು ಕಡೆ ತಗ್ಗು, ಮಧ್ಯೆ ಟೂರಿಸ್ಟ್ ಬಸ್ಸು. ನಾಲೆ ಏರಿ ಮೇಲೆ ಕಬ್ಬಿನ ಗದ್ದೆ ನೋಡಿಕೊಂಡು ತುಳಿದು ಅಭ್ಯಾಸ ಇರುವವರಿಗೆ ಅದು ರಜೆ ಅನ್ನಿಸಲ್ಲ.

ನನ್ನ ಪ್ರಕಾರ ದ್ವೀಪಗಳ ಮೇಲೆ ಹೋಗಿ. ಸ್ಪ್ಲಿಟ್‌ನಲ್ಲಿ ಸೈಕಲ್ ಸಮೇತ ಕಾರ್ ಫೆರಿ ಹತ್ತಿದರೆ ಸುಮಾರು ಎರಡು ಗಂಟೆಗೆ ಹ್ವಾರ್ ದ್ವೀಪದ ಸ್ಟಾರಿ ಗ್ರಾದ್. ಅಲ್ಲೊಂದು ಬಯಲು ಇದೆ, ಗ್ರೀಕರು ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಕಲ್ಲಿನ ಗೋಡೆ ಹಾಕಿ ಜಮೀನು ಭಾಗ ಮಾಡಿದ್ದು, ಇವತ್ತಿಗೂ ಅದೇ ಗೋಡೆ, ಅದೇ ಅಳತೆಯ ಹೊಲ, ಒಳಗೆ ದ್ರಾಕ್ಷಿ, ಆಲಿವ್. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸಪಾಟು ಮಣ್ಣಿನ ದಾರಿ, ಕಾರಿನ ಕಾಟ ಕಮ್ಮಿ, ಮೇಡಂಗೆ ಇಷ್ಟ ಆಗುತ್ತೆ. ಅಲ್ಲಿಂದ ಸ್ಪ್ಲಿಟ್‌ಗೆ ವಾಪಸ್ ಬಂದು ಇನ್ನೊಂದು ಫೆರಿಯಲ್ಲಿ ಕೋರ್ಚುಲಾ ದ್ವೀಪದ ವೇಲಾ ಲೂಕಾಕ್ಕೆ. ಆ ತುದಿಯಿಂದ ಕೋರ್ಚುಲಾ ಪಟ್ಟಣ 45 ಕಿಲೋಮೀಟರ್ ಆಸುಪಾಸು. ದಾರಿಯಲ್ಲಿ ಬ್ಲಾಟೊ ಅನ್ನುವ ಊರು, ಊರ ನಡುವೆ ಎರಡೂ ಬದಿ ಲಿಂಡೆನ್ ಮರಗಳ ಸಾಲು, ಒಂದು ಕಿಲೋಮೀಟರ್ ಹತ್ತಿರ ನೆರಳೋ ನೆರಳು. ಅಲ್ಲಿ ಇಳಿದು ಕಾಫಿ ಕುಡಿಯದೆ ಮುಂದೆ ಹೋಗಬೇಡಿ.

ಕೋರ್ಚುಲಾ ಪಕ್ಕದ ದೋಮಿಂಚೆಯಿಂದ ಒರೆಬಿಚ್‌ಗೆ ಪುಟ್ಟ ಫೆರಿ, ಕಾಲು ಗಂಟೆ ಅಷ್ಟೇ. ಅಲ್ಲಿಗೆ ನೀವು ಪೆಲ್ಯೆಶಾತ್ಸ್ ಅನ್ನುವ ಉದ್ದನೆಯ ಪರ್ಯಾಯದ್ವೀಪದ ಮೇಲೆ ಇರುತ್ತೀರಿ. ಇಲ್ಲಿ ಏರು ಇದೆ, ಸುಳ್ಳು ಹೇಳಲ್ಲ. ದ್ರಾಕ್ಷಿ ತೋಟಗಳ ನಡುವೆ ಹತ್ತುತ್ತಾ ಹೋಗಬೇಕು. ಪೊತೊಮ್ಯೆ ಹತ್ತಿರ 400 ಮೀಟರ್ ಉದ್ದದ ಸುರಂಗ ಸಿಗುತ್ತದೆ, ದ್ರಾಕ್ಷಿ ಬೆಳೆಯುವ ರೈತರೇ ಸ್ವಂತ ದುಡ್ಡು ಹಾಕಿ ಗುಡ್ಡ ಕೊರೆಸಿದ್ದು, ಆಚೆ ಕಡೆ ಇಳಿಜಾರಿನ ತೋಟದಿಂದ ಹಣ್ಣು ತರೋಕೆ. ಲೈಟ್ ಹಾಕಿಕೊಂಡು ಹೋಗಿ, ಆಚೆ ಬಾಯಿಗೆ ಬಂದಾಗ ಸಮುದ್ರ ನೇರ ಕಾಲ ಕೆಳಗೆ. ಕೊನೆಗೆ ಸ್ಟೋನ್ ಅನ್ನುವ ಊರು. ಡುಬ್ರೊವ್ನಿಕ್ ಗಣರಾಜ್ಯದವರು ಅಲ್ಲಿನ ಉಪ್ಪಿನ ಮಡಿಗಳನ್ನು ಕಾಯೋಕೆ 14ನೇ ಶತಮಾನದಲ್ಲಿ ಗುಡ್ಡದ ಮೇಲೆಲ್ಲ ಕೋಟೆ ಗೋಡೆ ಕಟ್ಟಿಸೋಕೆ ಶುರು ಮಾಡಿದರು, ಮೂಲದಲ್ಲಿ 5 ಕಿಲೋಮೀಟರ್‌ಗೂ ಜಾಸ್ತಿ ಉದ್ದ. ಉಪ್ಪಿಗೆ ಇಷ್ಟು ಕಾವಲು!

ಸ್ಟೋನ್‌ನಿಂದ ಡುಬ್ರೊವ್ನಿಕ್‌ಗೆ ಮಾತ್ರ ಹೆದ್ದಾರಿ ತಪ್ಪಲ್ಲ, ಸುಮಾರು 50 ಕಿಲೋಮೀಟರ್. ಬೆಳಕು ಹರಿಯುತ್ತಲೇ ಹೊರಡಿ.

ಕುಕ್ಕರಹಳ್ಳಿ ಸುತ್ತು:
ದಿಕ್ಕು ಯಾಕೆ ಮುಖ್ಯ ಅಂತ ನಾನು ಹೇಳುತ್ತೇನೆ. ಅಲ್ಲಿ ಗಾಡಿ ಬಲಕ್ಕೆ. ಉತ್ತರದಿಂದ ದಕ್ಷಿಣಕ್ಕೆ ಹೋದರೆ ಸಮುದ್ರವೂ ಬಲಕ್ಕೆ. ಹಂಗಾಗಿ ನೀವು ಯಾವಾಗಲೂ ನೀರಿನ ಬದಿ ಇರುತ್ತೀರಿ. ಬೇಸಿಗೆ ಮಧ್ಯಾಹ್ನ ವಾಯವ್ಯದಿಂದ ಬೀಸುವ ಮಾಯೆಸ್ತ್ರಾಲ್ ಗಾಳಿ ಬೆನ್ನಿಗೆ ಸಿಗುತ್ತದೆ. ಅಕ್ಟೋಬರ್‌ನಲ್ಲಿ ಯೂಗೊ ಅಂತ ಆಗ್ನೇಯದ ಗಾಳಿ ಎದ್ದರೆ ಮಾತ್ರ ಎದುರುಗಾಳಿ, ಜೊತೆಗೆ ಮಳೆ. ನಿಮಗೆ ಸಾಧ್ಯವಾದರೆ ಸೆಪ್ಟೆಂಬರ್‌ನಲ್ಲೇ ಹೋಗಿ, ಜುಲೈ ಆಗಸ್ಟ್ ಅಂತೂ ಬೇಡವೇ ಬೇಡ, ಬಿಸಿಲು ಮತ್ತು ಜನ ಎರಡೂ ಜಾಸ್ತಿ.

ವೀಸಾ: ಕ್ರೊಯೇಷಿಯಾ 2023ರ ಜನವರಿ 1ರಂದು ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು) ಸೇರಿತು, ದುಡ್ಡೂ ಅವತ್ತಿನಿಂದ ಯೂರೋ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋದ ಮೆಡಿಕಲ್ ಇನ್ಶೂರೆನ್ಸ್ ಬೇಕು. ಒಂದು ಎಚ್ಚರಿಕೆ. ಸ್ಪ್ಲಿಟ್ ಮತ್ತು ಡುಬ್ರೊವ್ನಿಕ್ ಮಧ್ಯೆ ನೇಉಮ್ ಅನ್ನುವ ಚಿಕ್ಕ ತುಂಡು ಕರಾವಳಿ ಬೋಸ್ನಿಯಾಕ್ಕೆ ಸೇರಿದ್ದು, ಅದು ಶೆಂಗೆನ್ ಅಲ್ಲ. ಸಿಂಗಲ್ ಎಂಟ್ರಿ ವೀಸಾದಲ್ಲಿ ಹೆದ್ದಾರಿ ಹಿಡಿದು ಅದರೊಳಗೆ ಹೋದಿರೋ, ಆಚೆ ಕಡೆ ವಾಪಸ್ ಬರೋಕೆ ಆಗಲ್ಲ. ಮಂಡ್ಯದವರು ಹೇಳಿದ ದಾರಿಯಲ್ಲಿ ಆ ತಲೆನೋವೇ ಇಲ್ಲ, ಸ್ಟೋನ್ ಬರೋದು ನೇಉಮ್ ದಾಟಿದ ಮೇಲೆ.

ಚಾಮುಂಡಿ ಚೈನು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅವಳಿಗೆ ಇಲ್ಲಿಂದಲೇ ಇ-ಸೈಕಲ್ ತಗೊಂಡು ಹೋದರೆ ಆ ಪೆಲ್ಯೆ... ಅದೇನೋ, ಆ ಏರು ಸಲೀಸಾಗುತ್ತೆ ಅಲ್ವಾ?

ಸ್ಪ್ಯಾನರ್ ಸೆಟ್ಟು, ಶ್ರೀರಂಗಪಟ್ಟಣ:
ಇ-ಸೈಕಲ್ ವಿಮಾನ ಹತ್ತಲ್ಲ ಗುರೂ. ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್ ಅವರ್ ಮೇಲಿನ ಬ್ಯಾಟರಿ ಒಯ್ಯೋಕೆ ಬಿಡಲ್ಲ, ಇ-ಸೈಕಲ್‌ದು ಸಾಮಾನ್ಯವಾಗಿ 400, 500 ಇರುತ್ತೆ. ಅವರಿಗೆ ಅಲ್ಲೇ ಬಾಡಿಗೆಗೆ ತಗೊಳ್ಳಿ, ನೀವೂ ಅದನ್ನೇ ಮಾಡಿ. ಪೆಟ್ಟಿಗೆಗೆ ತುಂಬೋದು, ಪೆಡಲ್ ಬಿಚ್ಚೋದು, ಗೇರ್ ಬದಲಾಯಿಸುವ ಡಿರೇಲರ್ ಬಗ್ಗಿತಾ ಅಂತ ನೋಡೋದು, ಇಷ್ಟಕ್ಕೇ ಎರಡು ದಿನ ಹೋಗುತ್ತೆ. ಸ್ಪ್ಲಿಟ್‌ನಲ್ಲಿ ತಗೊಂಡು ಡುಬ್ರೊವ್ನಿಕ್‌ನಲ್ಲಿ ಬಿಡಬಹುದಾ ಅಂತ ಮಾತ್ರ ಮೊದಲೇ ಮೇಲ್ ಹಾಕಿ ಕೇಳಿ.

ಇನ್ನೊಂದು, ಯಾರೂ ಹೇಳಲ್ಲ ಇದನ್ನ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ, ಅಲ್ಲಿ ಎಡಗೈ. ಇಳಿಜಾರಲ್ಲಿ ಅಭ್ಯಾಸಬಲದಿಂದ ಎಡಗೈ ಜೋರಾಗಿ ಅದುಮಿದರೆ ಮುಂದಿನ ಚಕ್ರ ಕಚ್ಚಿಕೊಂಡು ಹ್ಯಾಂಡಲ್ ಮೇಲಿಂದ ಹಾರುತ್ತೀರಿ. ಸೈಕಲ್ ಕೈಗೆ ಬಂದ ತಕ್ಷಣ ಅಂಗಡಿ ಮುಂದೆಯೇ ಒಂದೊಂದೇ ಲಿವರ್ ಹಿಡಿದು ನೋಡಿ.

ಮೆಂತ್ಯ ಕಟ್ಟು, ಮೈಸೂರು:
ಊಟದ ಬಗ್ಗೆ ಹೆಂಗಸರ ಕಡೆಯಿಂದ ನಾನು ಹೇಳುತ್ತೇನೆ. ಕರಾವಳಿ ಅಂದ ಮೇಲೆ ಮೀನೇ ಮೀನು. ಆದರೂ ಉಪವಾಸ ಬೀಳಲ್ಲ. ಬ್ಲಿತ್ವಾ ಅಂತ ಕೇಳಿ, ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ನಮ್ಮ ಬಾಯಿಗೆ ಹೊಂದುತ್ತೆ. ಮೀನಿನ ಜೊತೆ ನೆಂಚಿಕೊಳ್ಳೋಕೆ ಕೊಡುವ ಪದಾರ್ಥ ಅದು, ಬರೀ ಅದನ್ನೇ ಎರಡು ತಟ್ಟೆ ಕೊಡಿ ಅಂದರೆ ಒಂದು ಸಲ ಮುಖ ನೋಡಿ ಕೊಡುತ್ತಾರೆ. ಸೊಪಾರ್ನಿಕ್ ಸಿಕ್ಕರೆ ಬಿಡಬೇಡಿ, ಸ್ಪ್ಲಿಟ್ ಕಡೆಯದು, ತೆಳ್ಳಗಿನ ಎರಡು ಹಿಟ್ಟಿನ ಹಾಳೆ ಮಧ್ಯೆ ಸೊಪ್ಪು ಹರಡಿ ಬೂದಿ ಕೆಂಡದಲ್ಲಿ ಬೇಯಿಸಿದ್ದು, ಖಾರದ ಹೋಳಿಗೆ ಅಂದುಕೊಳ್ಳಿ. ಬೇಕರಿಗೆ ಪೆಕಾರಾ ಅಂತಾರೆ, ಬೆಳಗ್ಗೆ ಬೇಗ ತೆಗೆಯುತ್ತೆ. ಬುರೆಕ್ (ಒಳಗೆ ಹೂರಣ ತುಂಬಿದ ಪದರದ ತಿಂಡಿ) ತಗೊಳ್ಳುವಾಗ ‘ಸಿರ್’ ಅಂದರೆ ಚೀಸ್‌ದು, ಇಲ್ಲದಿದ್ದರೆ ಮಾಂಸದ್ದೇ ಬರುತ್ತೆ. ಮೊಟ್ಟೆ ಹಾಕಿದ್ದಾರಾ ಅಂತ ಪ್ರತಿ ಸಲ ಕೇಳಲೇಬೇಕು. ಚಟ್ನಿಪುಡಿ ಡಬ್ಬ ಚೀಲದಲ್ಲಿ ಇರಲಿ ಅಂತ ಬೇರೆ ಹೇಳಬೇಕಾ?

ಹಳೇ ಮೀಟರ್‌ಗೇಜು:
ಇಷ್ಟೆಲ್ಲ ಫೆರಿ ಸಹವಾಸ ಯಾಕೆ? ಉತ್ತರಕ್ಕೆ ಇಸ್ತ್ರಿಯಾಕ್ಕೆ ಹೋಗಿ, ಪರೆಂಜಾನಾ ತುಳಿಯಿರಿ. 1902ರಿಂದ 1935ರವರೆಗೆ ಓಡಿದ ಸಣ್ಣ ರೈಲಿನ ಹಳಿ ದಾರಿ, ಇಟಲಿಯ ತ್ರಿಯೆಸ್ತೆಯಿಂದ ಕ್ರೊಯೇಷಿಯಾದ ಪೊರೆಚ್‌ವರೆಗೆ 123 ಕಿಲೋಮೀಟರ್, ನಡುವೆ ಸ್ಲೊವೇನಿಯಾ. ಈಗ ಸೈಕಲ್ ದಾರಿ. ರೈಲು ಹೋಗುತ್ತಿದ್ದ ದಾರಿ, ಕಡಿದಾದ ಏರು ಎಲ್ಲಿಂದ ಬರಬೇಕು?

ನಾಲೆ ಏರಿ, ಮಂಡ್ಯ:
ದಾರಿ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಕ್ರೊಯೇಷಿಯಾ ಭಾಗದಲ್ಲಿ ಜಾಸ್ತಿ ಒಳನಾಡು, ಜಲ್ಲಿ. ಅವರು ಕೇಳಿದ್ದು ಸಮುದ್ರ.

ಚಾಮುಂಡಿ ಚೈನು:
ಮನೆಯಲ್ಲಿ ತೀರ್ಪು ಆಯ್ತು, ದ್ವೀಪಗಳೇ. ಅವಳಿಗೆ ಇ-ಸೈಕಲ್, ನನಗೆ ಮಾಮೂಲಿ. ಆದರೆ ರಜೆ ಅಕ್ಟೋಬರ್‌ನಲ್ಲೇ, ಬದಲಾಯಿಸೋಕೆ ಆಗಲ್ಲ. ಫೆರಿಗಳು ಆಗಲೂ ಇರುತ್ತವಾ?

ನಾಲೆ ಏರಿ, ಮಂಡ್ಯ:
ಕಾರ್ ಫೆರಿ ವರ್ಷಪೂರ್ತಿ ಇರುತ್ತೆ, ಸೀಸನ್ ಮುಗಿದ ಮೇಲೆ ಟ್ರಿಪ್ ಕಮ್ಮಿ. ಯಾದ್ರೊಲಿನಿಯಾ ಕಂಪನಿ ವೆಬ್‌ಸೈಟ್‌ನಲ್ಲಿ ನಿಮ್ಮ ತಾರೀಖಿನ ವೇಳಾಪಟ್ಟಿ ನೋಡಿ, ಆಮೇಲೆ ರೂಮ್ ಬುಕ್ ಮಾಡಿ. ಕಾಟಮರಾನ್ ಅಂತ ವೇಗದ ದೋಣಿ ಇದೆ, ಟಿಕೆಟ್ ತೋರಿಸುತ್ತೆ ಅಂತ ತಗೋಬೇಡಿ, ಹೆಚ್ಚಿನವು ಸೈಕಲ್ ಹತ್ತಿಸಲ್ಲ. ಮತ್ತೆ ಮೇಡಂಗೆ ಹೇಳಿ, ಬಾಡಿಗೆ ಸೈಕಲ್ ಸೀಟು ಹೊಂದೋದು ಕಷ್ಟ, ಅವರ ಸೀಟನ್ನೇ ಬಿಚ್ಚಿ ಬ್ಯಾಗಲ್ಲಿ ಹಾಕಿಕೊಳ್ಳಲಿ.