ಒಂದನೇ ತರಗತಿಗೆ ಮೊಂತಿ ಹಬ್ಬದ ವಾರದ ಪಾಠ: ಏನು ಇಡಬೇಕು, ಏನು ಬಿಡಬೇಕು?

ಹೊಸಬಳಪ:

ಮಂಗಳೂರು ಕಡೆಯ ಕೆಥೋಲಿಕ್ ಅನುದಾನಿತ ಶಾಲೆ, ಕನ್ನಡ ಮಾಧ್ಯಮ. ಒಂದನೇ ತರಗತಿಯಲ್ಲಿ 26 ಮಕ್ಕಳು. 11 ಮಂದಿ ಕೆಥೋಲಿಕ್ ಮನೆಯವರು, ಉಳಿದವರು ಹಿಂದೂ ಮತ್ತು ಬ್ಯಾರಿ (ಕರಾವಳಿಯ ಮುಸ್ಲಿಂ) ಮನೆಯವರು. ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಜನನದ ಮತ್ತು ಹೊಸ ತೆನೆಯ ಹಬ್ಬ. ಆಗಸ್ಟ್ 30ಕ್ಕೆ ಅದರ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಶುರು. 31 ಸೋಮವಾರದಿಂದ ಸೆಪ್ಟೆಂಬರ್ 5ರ ಶನಿವಾರದ ಅರ್ಧ ದಿನದವರೆಗೆ ಇಡೀ ವಾರದ ಪಾಠವನ್ನು ಹಬ್ಬಕ್ಕೆ ಹೊಂದಿಸಿ ಯೋಜನೆ ಬರೆದುಕೊಡಲು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಹೇಳಿದ್ದಾರೆ.

ಅಕ್ಷರದಲ್ಲಿ ರ ಗ ಸ ದ ಅ ಮುಗಿದಿದೆ, ಜ ವ ಮ ಬ ನ ಕೊನೆಯ ಹಂತದಲ್ಲಿ ಉಂಟು. ಗಣಿತದಲ್ಲಿ 9ರವರೆಗಿನ ಸಂಖ್ಯೆ. ಕ್ರೈಸ್ತ ಶಿಕ್ಷಣದ ಅವಧಿ ದಿನಕ್ಕೊಂದು, 40 ನಿಮಿಷ.

ಹೂವು, ತೆನೆ, ಮರಿಯಮ್ಮ ಎಂದೆಲ್ಲ ವರ್ಕ್‌ಶೀಟ್ ಮಾಡಲು ಹೊರಟೆ, ಆದರೆ ಮಕ್ಕಳಿಗೆ ಓದಲು ಬರುವ ಅಕ್ಷರ ಅದರಲ್ಲಿ ಒಂದೂ ಸರಿಯಾಗಿ ಕೂಡುವುದಿಲ್ಲ. ಬೇರೆ ಧರ್ಮದ ಮಕ್ಕಳನ್ನು ಇಗರ್ಜಿಗೆ (ಚರ್ಚಿಗೆ) ಮರಿಯಮ್ಮನಿಗೆ ಹೂ ಅರ್ಪಿಸಲು ಕರೆದೊಯ್ಯಬಹುದೇ? ಪರಿಸರ ಅಧ್ಯಯನಕ್ಕೆ ಏನು ಮಾಡಿಸಬಹುದು? ಅನುಭವಸ್ಥರು ತಿಳಿಸಿ.

ಕೇಪಳ:

ಟೀಚರ್, ಆ ವರ್ಕ್‌ಶೀಟ್ ಬಿಟ್ಟುಬಿಡಿ. ‘ಹೂವು’ ಎಂಬುದರಲ್ಲಿ ಹ ಇನ್ನೂ ಆಗಿಲ್ಲ, ದೀರ್ಘವೂ ಆಗಿಲ್ಲ, ಕೊಂಬೂ ಆಗಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ‘ವು’. ಈಗಷ್ಟೇ ಮ ಕಲಿತ ಮಗು ಅದನ್ನು ಮ ಎಂದೇ ಓದುತ್ತದೆ, ಏಕೆಂದರೆ ವ ಬರೆದು ಬಲಕ್ಕೆ ಬಾಲ ಎಳೆದರೆ ಮ ಎಂದು ನಾವೇ ಹೇಳಿಕೊಟ್ಟಿರುತ್ತೇವೆ. ಹಾಗಾಗಿ ‘ವು’ವನ್ನು ಗುಣಿತ ಬರುವವರೆಗೆ ಹಲಗೆಯ ಮೇಲೇ ತರಬೇಡಿ. ಹೂವು, ತೆನೆ, ಕಬ್ಬು ಇವೆಲ್ಲ ಈ ವಾರ ಚಿತ್ರವಾಗಿ ಮತ್ತು ಬಾಯಿಮಾತಾಗಿ ಇರಲಿ. ಚಿತ್ರ ತೋರಿಸಿ ಕನ್ನಡದಲ್ಲಿ ಏನು, ಮನೆಯಲ್ಲಿ ಏನನ್ನುತ್ತೀರಿ ಎಂದು ಕೇಳಿ. ಕೊಂಕಣಿ, ತುಳು, ಬ್ಯಾರಿ ಮೂರೂ ಬರುತ್ತವೆ, ಮಾತಿನ ಅವಧಿ ಅಲ್ಲಿಗೇ ತುಂಬುತ್ತದೆ.

ಓದಿಗೆ ನಿಮ್ಮ ಹತ್ತು ಅಕ್ಷರಗಳಲ್ಲೇ ಬೇಕಾದಷ್ಟು ಉಂಟು: ಮರ, ವನ, ಬನ, ಜನ, ದನ, ಸರ, ನಗರ, ದಸರ, ಗರಗಸ, ಅರಸ. ಮತ್ತೆ ಹಬ್ಬದ್ದೇ ಮಾತು ಬೇಕೆಂದರೆ ‘ಜನನ’. ಎರಡೇ ಅಕ್ಷರದಲ್ಲಿ ಆಗುತ್ತದೆ, ಸೆಪ್ಟೆಂಬರ್ 8 ಇರುವುದೇ ಮರಿಯಮ್ಮನ ಜನನದ ಹಬ್ಬ. ಅರ್ಥ ಹೇಳಲು ‘ಮಗು ಹುಟ್ಟುವುದು’ ಎಂದರೆ ಸಾಕು. ದಿನಕ್ಕೆ ನಾಲ್ಕು ಪದ, ಅದಕ್ಕಿಂತ ಹೆಚ್ಚು ಬೇಡ. ಸೋಮವಾರ ಓದಿದ ನಾಲ್ಕನ್ನು ಮಂಗಳವಾರ ಬಿಡಿ ಅಕ್ಷರದ ಕಾರ್ಡಿನಿಂದ ಜೋಡಿಸಲಿ, ಬರೆಯುವುದು ಬುಧವಾರ. ನೋಡಿ ಬರೆಯುವುದನ್ನು ಮೊದಲ ದಿನವೇ ಕೊಟ್ಟರೆ ಅಕ್ಷರವನ್ನು ಗೆರೆಯಾಗಿ ನಕಲು ಮಾಡುತ್ತಾರೆ, ಓದುವುದಿಲ್ಲ.

ಗಣಿತಕ್ಕೆ ನೊವೆನಾ ತಾನಾಗಿಯೇ ಒದಗುತ್ತದೆ. ಉದ್ದದ ರಟ್ಟಿನ ಪಟ್ಟಿಯಲ್ಲಿ ಒಂಬತ್ತು ಮನೆ ಎಳೆಯಿರಿ. ದಿನಕ್ಕೊಂದು ಮನೆಗೆ ಕಾಗದದ ಹೂ ಅಂಟಿಸಿ. ಭಾನುವಾರ ಒಂದನೇ ದಿನ, ಅದನ್ನೂ ಸೋಮವಾರವೇ ಅಂಟಿಸಬೇಕು. ಆಗ ಸೋಮವಾರ ತುಂಬಿದ್ದು 2, ಉಳಿದದ್ದು 7. ಮರುದಿನ 3 ಮತ್ತು 6. ಶನಿವಾರ 7 ಮತ್ತು 2. ಹೀಗೆ 9 ಒಡೆಯುವ ಜೋಡಿಗಳು ವಾರವಿಡೀ ಕಣ್ಣೆದುರೇ ಇರುತ್ತವೆ. ಒಂದು ಎಚ್ಚರ: ಆ ಮನೆಗಳಲ್ಲಿ ತಾರೀಕು ಬರೆಯಬೇಡಿ. ಸೆಪ್ಟೆಂಬರ್ 1 ಎಂದರೆ ನೊವೆನಾದ ಮೂರನೇ ದಿನ. ಒಂದೇ ಮನೆಗೆ 1 ಮತ್ತು 3 ಎರಡೂ ಹೇಳಿದರೆ ಮಕ್ಕಳು ಎಣಿಕೆಯನ್ನೇ ಬಿಟ್ಟುಬಿಡುತ್ತಾರೆ. 6 ಮತ್ತು 9 ತಿರುಗಿಸಿ ಬರೆಯುವವರಿಗೆ ಕಾರ್ಡಿನ ಅಡಿಗೆ ದಪ್ಪ ಗೆರೆ ಎಳೆದುಕೊಡಿ, ಯಾವುದು ಕೆಳಗೆ ಎಂದು ಗೊತ್ತಾಗಲಿ.

ಇನ್ನು ಎಸಳು ಎಣಿಸುವುದು. ಕೇಪಳಕ್ಕೆ 4, ನಂದಿಬಟ್ಟಲಿಗೆ 5, ಒಂಟಿ ಸುತ್ತಿನ ದಾಸವಾಳಕ್ಕೆ 5. ಜೋಡಿ ದಾಸವಾಳ, ಗೊಂಡೆ ಎಣಿಸಲು ಕೊಡಬೇಡಿ, ಗಲಾಟೆಯಾಗುತ್ತದೆ. ಎಣಿಸುವ ಕೆಲಸ ಬೆಳಗಿನ ಮೊದಲ ಅವಧಿಯಲ್ಲೇ ಮುಗಿಯಲಿ. ಕಿತ್ತ ದಾಸವಾಳ ಊಟದ ಹೊತ್ತಿಗೆ ಬಾಡಿ ಸುರುಟಿಕೊಂಡಿರುತ್ತದೆ.

ಗುರ್ಕಾರ್:

ಕ್ರೈಸ್ತ ಶಿಕ್ಷಣದ ಬಗ್ಗೆ ನಾಲ್ಕು ಮಾತು. ಒಂದನೇ ತರಗತಿಗೆ ಪೂರ್ತಿ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಕಲಿಸುವ ಉತ್ಸಾಹ ಬೇಡ. ಪ್ರಥಮ ಪರಮಪ್ರಸಾದಕ್ಕೆ ಇನ್ನೂ ಸಮಯ ಉಂಟು. ಈ ವಾರಕ್ಕೆ ಶಿಲುಬೆಯ ಗುರುತು ಸರಿಯಾಗಲಿ, ನಮೋ ಮರಿಯ ಪ್ರಾರ್ಥನೆಯ ಮೊದಲರ್ಧ ಬರಲಿ, ಸಾಕು.

ಶಿಲುಬೆಯ ಗುರುತು ತಪ್ಪುವುದು ಹೆಚ್ಚಾಗಿ ಕಲಿಸುವವರ ನಿಲುವಿನಿಂದ. ನೀವು ಮಕ್ಕಳಿಗೆ ಮುಖಮಾಡಿ ಬಲಗೈ ಎತ್ತಿದರೆ ಅವರು ಕನ್ನಡಿಯಂತೆ ಎಡಗೈ ಎತ್ತುತ್ತಾರೆ. ಬಲಗೈ ಎತ್ತಿದವರೂ ಮೊದಲು ಬಲ ಭುಜ ಮುಟ್ಟುತ್ತಾರೆ. ಹಣೆ, ಎದೆ, ಎಡ ಭುಜ, ಬಲ ಭುಜ ಎಂಬ ಕ್ರಮ ಕೂರಬೇಕಾದರೆ ಮಕ್ಕಳಿಗೆ ಬೆನ್ನು ಮಾಡಿ ಪ್ರಾರ್ಥನೆಯ ಪೀಠದ ಕಡೆ ತಿರುಗಿ ನಿಲ್ಲಿ. ಮೊದಲ ಎರಡು ದಿನ ಬಲಗೈ ಮಣಿಕಟ್ಟಿಗೆ ಉಣ್ಣೆ ದಾರ ಕಟ್ಟಿದರೆ ಇನ್ನೂ ಸುಲಭ. ಮಾತು ಓಡಿಸಿ ಕೈ ಹಿಂದೆ ಬೀಳುವುದು ಇನ್ನೊಂದು ತಪ್ಪು. ಒಂದೊಂದು ಹೆಸರಿಗೂ ಕೈ ನಿಲ್ಲಿಸಿ ಹೇಳಿಸಿ.

ನಮೋ ಮರಿಯದ ಮೊದಲರ್ಧ ಲೂಕನ ಸುವಾರ್ತೆಯ ಮೊದಲನೇ ಅಧ್ಯಾಯದ ಮಾತುಗಳ ಮೇಲೆ ನಿಂತಿದೆ. ಗಬ್ರಿಯೇಲ ದೂತನ ವಂದನೆ, ಆಮೇಲೆ ಎಲಿಜಬೇತಳ ಹರಸಿಕೆ. ಸೋಮವಾರ ದೂತನ ಕಥೆ, ಮಂಗಳವಾರ ಮರಿಯ ಬೆಟ್ಟದ ಊರಿಗೆ ಎಲಿಜಬೇತಳನ್ನು ನೋಡಲು ಹೋದ ಕಥೆ. ಇವೆರಡೂ ಆದ ಮೇಲೆ ಬುಧವಾರ ಪ್ರಾರ್ಥನೆ ಹಿಡಿದರೆ ಯಾರು ಯಾರಿಗೆ ಹೇಳಿದ ಮಾತು ಎಂಬುದು ಮಕ್ಕಳಿಗೆ ಗೊತ್ತಿರುತ್ತದೆ. ಕಥೆ ಹತ್ತು ನಿಮಿಷ ಮೀರಬಾರದು. ಉಳಿದ ಹೊತ್ತಿಗೆ ಚಿತ್ರಕ್ಕೆ ಬಣ್ಣ, ಅಭಿನಯ.

ಭಾಷೆಯನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಮನೆಯಲ್ಲೂ ಇಗರ್ಜಿಯಲ್ಲೂ ಇದೇ ಪ್ರಾರ್ಥನೆಯನ್ನು ಕೊಂಕಣಿಯಲ್ಲಿ ‘ನಮಾನ್ ಮರಿಯೆ’ ಎಂದು ಹೇಳುವ ಮಗುವಿಗೆ ಶಾಲೆಯಲ್ಲಿ ಕನ್ನಡದ್ದು ಹೇಳಿಸಿದರೆ ಎರಡೂ ಕಲಸಿಹೋಗುತ್ತದೆ. ಇಗರ್ಜಿ ಕೊಂಕಣಿಯದಾದರೆ ಕಂಠಪಾಠ ಕೊಂಕಣಿಯಲ್ಲೇ ಇರಲಿ, ಕಥೆ ಮಾತ್ರ ಕನ್ನಡದಲ್ಲಿ.

ಮರಿಯಮ್ಮನ ಅಪ್ಪ ಅಮ್ಮ ಯಾರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಜೋಕಿಮ್ ಮತ್ತು ಅನ್ನಮ್ಮ ಎನ್ನಿ. ಈ ಹೆಸರುಗಳಾಗಲಿ ಮರಿಯಮ್ಮ ಹುಟ್ಟಿದ ಕಥೆಯಾಗಲಿ ಬೈಬಲಿನಲ್ಲಿ ಇಲ್ಲ, ಕ್ರೈಸ್ತ ಸಭೆಯ ಪರಂಪರೆಯಿಂದ ಬಂದದ್ದು. ಆದ್ದರಿಂದ ‘ಬೈಬಲಿನಲ್ಲಿ ಹೀಗಿದೆ’ ಎಂದು ಶುರುಮಾಡಬೇಡಿ.

ತರಗತಿಯ ಪೀಠಕ್ಕೆ ಈ ವಾರ ಹಸಿರು ಬಟ್ಟೆ, 8ಕ್ಕೆ ಬಿಳಿ. ಮೇಣದ ಬತ್ತಿ ಬೇಡ, ಬ್ಯಾಟರಿ ದೀಪ ಇಡಿ. ಒಣ ಹೂ, ಕಾಗದ, ಆರು ವರ್ಷದ ಮಕ್ಕಳು: ಬೆಂಕಿಗೆ ಇಷ್ಟೇ ಸಾಕು.

ಹಂಚಿನಮಾಡು:

ಬೇರೆ ಧರ್ಮದ ಮಕ್ಕಳ ವಿಷಯ. ಸಂವಿಧಾನದ 28(3)ನೇ ವಿಧಿ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆಗೆ, ಆರಾಧನೆಗೆ ಯಾರನ್ನೂ ಒತ್ತಾಯಿಸುವಂತಿಲ್ಲ. ವಿದ್ಯಾರ್ಥಿ ಅಪ್ರಾಪ್ತನಾದರೆ ಪೋಷಕರ ಒಪ್ಪಿಗೆ ಬೇಕು. 30ನೇ ವಿಧಿಯಡಿ ಅಲ್ಪಸಂಖ್ಯಾತ ಸಂಸ್ಥೆಗೆ ಆಡಳಿತದ ಹಕ್ಕಿದ್ದರೂ ಇದು ತಪ್ಪುವುದಿಲ್ಲ. ಆದ್ದರಿಂದ ‘ಎಲ್ಲರೂ ಹೂ ತನ್ನಿ, ಇಗರ್ಜಿಗೆ ಹೋಗೋಣ’ ಎಂದು ಡೈರಿಯಲ್ಲಿ ಬರೆದು ಕಳಿಸಬೇಡಿ. ಚೀಟಿಯಲ್ಲಿ ಯಾವ ದಿನ, ಎಲ್ಲಿಗೆ, ಎಷ್ಟು ಹೊತ್ತು, ಅಲ್ಲಿ ಏನು ನಡೆಯುತ್ತದೆ ಎಂದು ಬಿಡಿಸಿ ಬರೆದು ಸಹಿ ಕೇಳಿ. ಸಹಿ ಬಾರದ ಚೀಟಿಯನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿಯಬಾರದು.

ಆ 40 ನಿಮಿಷದಲ್ಲಿ ಉಳಿದ 15 ಮಕ್ಕಳು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವಂತಾಗಬಾರದು. ಎರಡನೇ ತರಗತಿಯ ಟೀಚರ್ ಜತೆ ಮಾತಾಡಿ ಎರಡೂ ತರಗತಿಗಳ ಕ್ರೈಸ್ತ ಶಿಕ್ಷಣ ಒಂದೇ ಹೊತ್ತಿಗೆ ಬರುವಂತೆ ವೇಳಾಪಟ್ಟಿ ಹೊಂದಿಸಿ. ಒಬ್ಬರು ಅದನ್ನು ನೋಡಿಕೊಂಡರೆ ಇನ್ನೊಬ್ಬರು ಮೌಲ್ಯ ಶಿಕ್ಷಣ ಮಾಡಬಹುದು.

ಕೇಪಳ ಅವರು ಹೇಳಿದ ಎಸಳು ಎಣಿಕೆಗೆ ಒಪ್ಪಿಗೆಯ ಅಗತ್ಯವಿಲ್ಲ, ಅದು ಗಣಿತ. ಆದರೆ ಎಣಿಸಲು ತಂದ ಹೂವನ್ನೇ ಆಮೇಲೆ ಅರ್ಪಣೆಯ ಬುಟ್ಟಿಗೆ ಸುರಿಯಬೇಡಿ. ಬುಟ್ಟಿ ಬೇರೆ, ಹೂದಾನಿ ಬೇರೆ ಇರಲಿ. ಒಂಬತ್ತು ಮನೆಯ ಪಟ್ಟಿಯನ್ನೂ ಪ್ರಾರ್ಥನೆಯ ಮೂಲೆಯಲ್ಲಿ ತೂಗುಹಾಕದೆ ಗಣಿತದ ಗೋಡೆಗೆ ಹಾಕುವುದು ಒಳ್ಳೆಯದು.

ಹೂವಿನ ಚೀಟಿಗೆ ಇನ್ನೊಂದು ಸಾಲು ಸೇರಿಸಿ: ಕಣಗಿಲೆ ಬೇಡ. ಕೆಂಪಾಗಲಿ ಹಳದಿಯಾಗಲಿ ಎರಡೂ ವಿಷ, ಹಾಲು ಕೈಗೆ ತಾಗಿ ಬಾಯಿಗೆ ಹೋಗುತ್ತದೆ. ಒಂದು ಮಗುವಿಗೆ ಒಂದು ಬೊಗಸೆ ಹೂ ಸಾಕು, ಬಾಳೆಲೆಯಲ್ಲೋ ಸಣ್ಣ ಬುಟ್ಟಿಯಲ್ಲೋ ತರಲಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮಳೆನೀರು ಸೇರಿ ಹೂ ಬೆಂದಂತಾಗುತ್ತದೆ. ಕೇಪಳದ ಗೊಂಚಲಾದರೆ ಒಮ್ಮೆ ಕೊಡವಿ ತರಲು ಹೇಳಿ, ಇರುವೆ ಇರುತ್ತದೆ.

ಹೊಸಬಳಪ:

ತುಂಬಾ ಉಪಕಾರ. ಪರಿಸರ ಅಧ್ಯಯನ ಬಾಕಿ ಉಳಿಯಿತು. ಭತ್ತ ಮೊಳಕೆ ಬರಿಸಿ ತೋರಿಸಿದರೆ ಹಬ್ಬದ ತೆನೆಗೂ ಹೊಂದುತ್ತದೆ ಅಂದುಕೊಂಡಿದ್ದೇನೆ. ಶನಿವಾರ ಶಿಕ್ಷಕರ ದಿನಾಚರಣೆಯೂ ಬರುತ್ತದೆ, ಅದನ್ನು ಹೇಗೆ ಹೊಂದಿಸುವುದು?

ಏಣೆಲ್‌ಗದ್ದೆ:

ಭತ್ತ ಮಾತ್ರ ನಂಬಿ ಕೂರಬೇಡಿ. ಇಡೀ ದಿನ ನೆನೆಸಿ, ನೀರು ಬಸಿದು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟ ಮೇಲೂ ಎರಡು ದಿನ ಹಿಡಿಯುತ್ತದೆ, ಮಳೆ ಚಳಿಯಿದ್ದರೆ ಇನ್ನೂ ತಡ. ಮಕ್ಕಳು ಅಷ್ಟು ಕಾಯುವುದಿಲ್ಲ. ಜತೆಗೆ ಹೆಸರುಕಾಳು ಇಡಿ. ಸೋಮವಾರ ಸಂಜೆ ನೆನೆಹಾಕಿ, ಮಂಗಳವಾರ ಬೆಳಿಗ್ಗೆ ನೀರು ಬಸಿದು ಒದ್ದೆ ಹತ್ತಿಯ ಮೇಲೆ ಹರಡಿ. ಬುಧವಾರ ಬೇರಿನ ತುದಿ ಕಾಣುತ್ತದೆ, ಶುಕ್ರವಾರಕ್ಕೆ ದಂಟು ಎದ್ದಿರುತ್ತದೆ. ನಾಲ್ಕು ಮಕ್ಕಳಿಗೆ ಒಂದು ತಟ್ಟೆ, ತಟ್ಟೆಗೆ ಹತ್ತಕ್ಕಿಂತ ಕಡಿಮೆ ಕಾಳು. ಆಗ ಮೊಳೆತದ್ದೆಷ್ಟು, ಮೊಳೆಯದ್ದೆಷ್ಟು ಎಂಬುದು ಅವರಿಗೆ ಗೊತ್ತಿರುವ ಎಣಿಕೆಯೊಳಗೇ ಬರುತ್ತದೆ. ಕೆಡುವುದು ನೀರು ಹೆಚ್ಚಾಗಿ. ಹತ್ತಿ ಒದ್ದೆಯಿರಬೇಕು, ಕಾಳು ನೀರಿನಲ್ಲಿ ಮುಳುಗಿರಬಾರದು. ಎಲ್ಲರೂ ಬಂದು ಬಂದು ನೀರು ಸುರಿಯುತ್ತಾರೆ, ಹಾಗಾಗಿ ತಟ್ಟೆಗೆ ದಿನಕ್ಕೊಬ್ಬರೇ, ಚಮಚದಲ್ಲಿ.

ಒಂದು ತಟ್ಟೆಯಲ್ಲಿ ಬೇಕೆಂದೇ ಕುಚ್ಚಲಕ್ಕಿ ಇಡಿ. ಅದು ಮೊಳೆಯುವುದಿಲ್ಲ. ಭತ್ತವನ್ನು ಬೇಯಿಸಿ ಕುಟ್ಟಿದ ಅಕ್ಕಿ, ಮೊಳಕೆಯ ಜೀವ ಅಲ್ಲೇ ಹೋಗಿರುತ್ತದೆ. ಭತ್ತ, ಅಕ್ಕಿ, ಅನ್ನ ಮೂರೂ ಒಂದೇ ಗಿಡದ್ದು ಎಂಬುದನ್ನು ಹೇಳಲು ಇಷ್ಟು ಒಳ್ಳೆಯ ಅವಕಾಶ ಬೇರೆ ಸಿಗಲಿಕ್ಕಿಲ್ಲ.

ತೆನೆ ಸಿಕ್ಕಿದರೆ ಶುಕ್ರವಾರ ತೋರಿಸಿ. ಏಣೆಲು (ಮಳೆಗಾಲದ ಮೊದಲ ಭತ್ತದ) ಬೆಳೆ ಆಗ ಹಲವು ಗದ್ದೆಗಳಲ್ಲಿ ಹಾಲು ತುಂಬುವ ಹಂತದಲ್ಲಿರುತ್ತದೆ. ಕಾಳನ್ನು ಉಗುರಿನಿಂದ ಒತ್ತಿದರೆ ಬಿಳಿ ಹಾಲು ಬರುತ್ತದೆ, ಮಕ್ಕಳಿಗೆ ಅದೇ ದೊಡ್ಡ ಬೆರಗು. ಮುಳ್ಳಿನ ತುದಿ ಇರುವ ತಳಿಯಾದರೆ ಕಣ್ಣು, ಗಂಟಲು ಜಾಗ್ರತೆ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ 8ಕ್ಕೆ ಮನೆಗೆ ಹೋಗಿ ಹೊಸ ಅಕ್ಕಿ ಊಟಕ್ಕೆ ಸೇರುವಂಥದ್ದು, ಅದನ್ನು ಒತ್ತಿ ನೋಡಲು ಬಳಸಬೇಡಿ.

ಗುರ್ಕಾರ್:

ಶನಿವಾರಕ್ಕೆ ಬೇರೆ ಹುಡುಕುವುದೇ ಬೇಡ. ಸೆಪ್ಟೆಂಬರ್ 5 ಮದರ್ ತೆರೇಸಾ ಅವರ ಸ್ಮರಣೆಯ ದಿನವೂ ಹೌದು. 1997ರಲ್ಲಿ ಅವರು ತೀರಿಕೊಂಡದ್ದು ಅದೇ ದಿನ. ಬಡವರ ಸೇವೆಗೆ ಇಳಿಯುವ ಮೊದಲು ಅವರು ಕೋಲ್ಕತ್ತದ ಶಾಲೆಯಲ್ಲಿ ಟೀಚರ್ ಆಗಿದ್ದವರು, ಶಿಕ್ಷಕರ ದಿನಕ್ಕೆ ಇಷ್ಟು ಕೊಂಡಿ ಸಾಕು. ಬಿಳಿ ಕಾಗದಕ್ಕೆ ನೀಲಿ ಕ್ರೇಯಾನಿನಲ್ಲಿ ಸೀರೆಯ ಅಂಚಿನ ಮೂರು ಗೆರೆ ಎಳೆಸಿ ಅದನ್ನೇ ಕಾರ್ಡ್ ಮಾಡಿಸಿ. ಯಾರಿಗೆ ಕೊಡಬೇಕೆಂದು ಮಕ್ಕಳೇ ಹೇಳಲಿ, ಅಡುಗೆಯ ಅಕ್ಕನ ಹೆಸರೂ ಬರಬಹುದು. ಅರ್ಧ ದಿನದಲ್ಲಿ ಇದೊಂದು, ಮತ್ತೆ ಪಟ್ಟಿಯ ಏಳನೇ ಹೂ. ಹೊಸ ಪದ ಹಿಡಿಯಬೇಡಿ.

ಕೇಪಳ:

ಭಾನುವಾರದ ಹೂವನ್ನು ಶನಿವಾರವೇ ಅಂಟಿಸಿಬಿಡಿ ಎಂದು ಮಕ್ಕಳು ಹಠ ಮಾಡುತ್ತಾರೆ. ಅಂಟಿಸಬೇಡಿ. 7ರ ಸೋಮವಾರ ಬಂದಾಗ ಎಂಟನೆಯದೂ ಒಂಬತ್ತನೆಯದೂ ಒಟ್ಟಿಗೆ ಸೇರಿಸಿ 7 ಕೂಡಿಸು 2 ಮಾಡಿಸಬಹುದು.