ಜುಬಿಯನ್ ಮಾದರಿ: ಮುಂಭಾಗ, ಹಿಂಭಾಗಗಳ ಅಗಲ ಕೂಡುತ್ತಿಲ್ಲ

ಪ್ರಶ್ನೆ:
ಎರಡು ಹಡಗುಗಳ ತುಂಡುಗಳನ್ನು ಜೋಡಿಸಿ ಕಟ್ಟಿದ, ಬ್ರಿಟಿಷ್ ನೌಕಾಪಡೆಯ ಜುಬಿಯನ್ ಎಂಬ ಡಿಸ್ಟ್ರಾಯರ್‌ನ ಮಾದರಿಯನ್ನು 1:96 ಪ್ರಮಾಣದಲ್ಲಿ ಮರದಿಂದ ಮಾಡುತ್ತಿದ್ದೇನೆ. ಜುಲು ಹಡಗಿನ ನಕ್ಷೆಯಿಂದ ಮುಂಭಾಗವನ್ನೂ ನುಬಿಯನ್ ನಕ್ಷೆಯಿಂದ ಹಿಂಭಾಗವನ್ನೂ ಕೆತ್ತಿ ಜೋಡಿಸಹೊರಟಾಗ, ಕೂಡುವ ಜಾಗದಲ್ಲಿ ಅಗಲ 3.5 ಮಿ.ಮೀ. ಹೆಚ್ಚುಕಡಿಮೆಯಾಗಿದೆ. ಮೂಲ ಹಡಗುಗಳ ಅಗಲವೂ ಒಂದೇ ಆಗಿರಲಿಲ್ಲವೆಂದು ಓದಿದ್ದೇನೆ. ಹಾಗಾದರೆ ಇದನ್ನು ಹೀಗೆಯೇ ಬಿಡಬೇಕೇ, ಉಪ್ಪುಕಾಗದದಿಂದ ಉಜ್ಜಿ ಸಮಮಾಡಬೇಕೇ?

ಉತ್ತರ:
ದಯವಿಟ್ಟು ಈಗಲೇ ಉಜ್ಜಬೇಡಿ. ನೀವು ಓದಿದ್ದು ನಿಜ. 1916ರ ಅಕ್ಟೋಬರ್ ಕೊನೆಯಲ್ಲಿ ಡೋವರ್ ಜಲಸಂಧಿಯ ಕದನದಲ್ಲಿ ಟಾರ್ಪೆಡೊ ತಗುಲಿ ನುಬಿಯನ್ ತನ್ನ ಮೂತಿಯನ್ನು ಕಳೆದುಕೊಂಡಿತು; ಎರಡು ವಾರ ತುಂಬುವ ಮೊದಲೇ, ನವೆಂಬರ್ 8ರಂದು, ಜುಲು ಸಮುದ್ರದ ಮೈನ್‌ಗೆ ಸಿಕ್ಕಿ ಹಿಂಭಾಗವನ್ನು ಕಳೆದುಕೊಂಡಿತು. ಉಳಿದ ಎರಡು ತುಂಡುಗಳನ್ನು ಚಾಥಮ್ ಹಡಗುಕಟ್ಟೆಯಲ್ಲಿ ಜೋಡಿಸಿ, ಎರಡು ಹೆಸರುಗಳನ್ನೂ ಬೆಸೆದು, 1917ರ ಜೂನ್‌ನಲ್ಲಿ ಜುಬಿಯನ್ ಎಂದು ಮತ್ತೆ ಸೇವೆಗೆ ಇಳಿಸಿದರು. ಅವುಗಳ ಅಗಲದ ವ್ಯತ್ಯಾಸ ಮೂರೂವರೆ ಅಂಗುಲ, ಅಂದರೆ 89 ಮಿ.ಮೀ. ನಿಮ್ಮ ಪ್ರಮಾಣದಲ್ಲಿ ಅದು ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ನಿಮ್ಮ 3.5 ಮಿ.ಮೀ. ನಿಜವಾದ ಹಡಗಿನಲ್ಲಿ 13 ಅಂಗುಲವಾಗುತ್ತದೆ. ಹಾಗಾಗಿ ತಪ್ಪು ಬೇರೆಲ್ಲೋ ಇದೆ.

ನನ್ನ ಅನುಮಾನ ಪ್ರಿಂಟಿನ ಮೇಲೆ. ಹಾಳೆಗೆ ಹೊಂದಿಸುವ ಆಯ್ಕೆಯಲ್ಲಿ ಮುದ್ರಿಸಿದರೆ ನಕ್ಷೆ ಸದ್ದಿಲ್ಲದೆ ಕುಗ್ಗುತ್ತದೆ. ಎರಡೂ ನಕ್ಷೆಗಳ ಅಳತೆಪಟ್ಟಿಯಲ್ಲಿ 50 ಅಡಿಯನ್ನು ಅಳೆದು ನೋಡಿ, 158.7 ಮಿ.ಮೀ. ಬರಬೇಕು.

ಇನ್ನೊಂದು ಮಾತು. ಜುಲು, ನುಬಿಯನ್ ಎರಡೂ ಸೇರಿದ ಟ್ರೈಬಲ್ ವರ್ಗದ ಬೇರೊಂದು ಹಡಗಿನ ನಕ್ಷೆಯಿಂದ ಅಳತೆಗಳನ್ನು ಎರವಲು ತರಬೇಡಿ. 33 ನಾಟ್ ವೇಗ, ಟರ್ಬೈನ್, ಎಣ್ಣೆ ಇಂಧನ ಇವಿಷ್ಟನ್ನು ವಿಧಿಸಿ ಉಳಿದ ವಿನ್ಯಾಸವನ್ನು ನೌಕಾಡಳಿತವು ಕಟ್ಟುವವರಿಗೇ ಬಿಟ್ಟಿದ್ದರಿಂದ, ಆ ಹನ್ನೆರಡು ಹಡಗುಗಳು ಕಟ್ಟಿದ ಕಂಪನಿಗೆ ತಕ್ಕಂತೆ ಬೇರೆ ಬೇರೆ ರೂಪ ತಾಳಿದವು. ಅದೇ ವರ್ಗದ ವೈಕಿಂಗ್‌ಗೆ ಆರು ಹೊಗೆಕೊಳವೆಗಳಿದ್ದವು! ಜುಲುವನ್ನು ಕಟ್ಟಿದ್ದು ಹಾಥಾರ್ನ್ ಲೆಸ್ಲಿ, ನುಬಿಯನ್ನನ್ನು ಥಾರ್ನಿಕ್ರಾಫ್ಟ್. ಇವು ಕೂಡಿ ತೇಲಿದ್ದೇ ನನಗೆ ಇಂದಿಗೂ ಬೆರಗು.

ಪ್ರಶ್ನೆ ಕೇಳಿದವರಿಂದ:
ತಮ್ಮ ಅನುಮಾನ ಸರಿಯಾಗಿತ್ತು. ಒಂದು ಹಾಳೆಯಲ್ಲಿ 50 ಅಡಿ 154 ಮಿ.ಮೀ. ಮಾತ್ರ ಇತ್ತು. ಮರುಮುದ್ರಿಸಿ ಆ ಭಾಗವನ್ನು ಹೊಸದಾಗಿ ಕೆತ್ತಿದ ಮೇಲೆ ಸುಮಾರು ಒಂದು ಮಿ.ಮೀ. ವ್ಯತ್ಯಾಸ ಉಳಿದಿದೆ.

ಉತ್ತರ:
ಅದನ್ನು ಹಾಗೆಯೇ ಉಳಿಸಿಕೊಳ್ಳಿ. ನಡುಗೆರೆಗೆ ನಡುಗೆರೆ ಕೂಡಿಸಿದರೆ ಪ್ರತಿ ಪಕ್ಕದಲ್ಲಿ ಅರ್ಧ ಮಿ.ಮೀ. ಮೆಟ್ಟಿಲು ಬರುತ್ತದೆ. ಒಳಗೆ ಉದ್ದನೆಯ ತೇಗದ ಪಟ್ಟಿಯೊಂದನ್ನು ಎರಡೂ ಭಾಗಗಳಿಗೆ ಅಂಟಿಸಿ, ಅಂಟು ಪೂರ್ತಿ ಒಣಗಿದ ಬಳಿಕವೇ ಮೆಟ್ಟಿಲಿನ ತಗ್ಗಿನ ಪಕ್ಕಕ್ಕೆ ಪುಟ್ಟಿಯನ್ನು ಎರಡು ಸೆಂ.ಮೀ. ಉದ್ದಕ್ಕೆ ತೆಳುವಾಗಿ ಎಳೆಯಿರಿ.