ಶ್ರವಣದೋಷವಿರುವ 14ರ ಹುಡುಗಿ .22 ರೈಫಲ್‌ಗೆ ಬರುತ್ತಿದ್ದಾಳೆ: ಕಿವಿಗೆ ಯಾವ ರಕ್ಷಣೆ?

ಕಾಫಿತೋಟ:
ಅಣ್ಣನ ಮಗಳಿಗೆ 14 ವರ್ಷ. ಹುಟ್ಟಿನಿಂದಲೇ ಎರಡೂ ಕಿವಿಯಲ್ಲಿ ನರಸಂಬಂಧಿ ಶ್ರವಣದೋಷ. ಆಡಿಯೋಗ್ರಾಮ್‌ನಲ್ಲಿ (ಶ್ರವಣ ಪರೀಕ್ಷೆಯ ನಕ್ಷೆ) ಎಡಗಿವಿಯ ಸರಾಸರಿ ನಷ್ಟ 40 ಡೆಸಿಬೆಲ್, ಬಲಗಿವಿಯದು 65. ಎರಡಕ್ಕೂ ಕಿವಿಯ ಹಿಂದೆ ಕೂರುವ ಹಿಯರಿಂಗ್ ಏಡ್ ಇದೆ, ಅಚ್ಚಿನಲ್ಲಿ ಸಣ್ಣ ಗಾಳಿರಂಧ್ರವಿದೆ. ಕನ್ನಡಕ ಹಾಕುತ್ತಾಳೆ. ಬಲಗೈ ಶೂಟರ್. ಇದುವರೆಗೆ 10 ಮೀಟರ್ ಏರ್ ರೈಫಲ್, ಇನ್ನು 50 ಮೀಟರ್ .22 ಪ್ರೋನ್ (ಮಲಗಿ ಹೊಡೆಯುವುದು) ಕಲಿಸೋಣ ಅಂತ ಕೋಚ್ ಹೇಳಿದ್ದಾರೆ. ಹೊರಗಿನ ಮಾತನ್ನು ಮೈಕಿನಿಂದ ಒಳಗೆ ಕೇಳಿಸುವ ಎಲೆಕ್ಟ್ರಾನಿಕ್ ಮಫ್ (ಕಿವಿಮುಚ್ಚು) ಒಂದು ಸಾಕೇ? ಹಿಯರಿಂಗ್ ಏಡ್ ಹಾಕಿಕೊಂಡೇ ಅದರ ಮೇಲೆ ಮಫ್ ಹಾಕಬಹುದೇ? ಕೋಚ್ ಹೇಳುವುದು ಅವಳಿಗೆ ಕೇಳಬೇಕಲ್ಲ. ಕೊಡಗಿನ ಆಯುಧದ ಹಬ್ಬ ಕೈಲ್‌ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಲೂ ಬರುತ್ತಾಳೆ.

ಶ್ರವಣತಜ್ಞೆ_ಮೈಸೂರು:
ಮೊದಲು ಎಡಗಿವಿಯ ವಿಷಯ. ಬಲಗೈ ಶೂಟರ್ ರೈಫಲ್‌ಗೆ ಕೆನ್ನೆ ಒರಗಿಸಿದಾಗ ಬಲಗಿವಿ ತಲೆಯ ಮರೆಗೆ ಹೋಗುತ್ತದೆ, ಎಡಗಿವಿ ಬ್ಯಾರೆಲ್ಲಿನ ಬಾಯಿಯ ಕಡೆ ತಿರುಗುತ್ತದೆ. ರಕ್ಷಣೆಯಿಲ್ಲದೆ ವರ್ಷಗಟ್ಟಲೆ ಹೊಡೆದ ಬಲಗೈ ಶೂಟರ್‌ಗಳಲ್ಲಿ ಎಡಗಿವಿಯೇ ಹೆಚ್ಚು ಕೆಡುವುದು ಇದಕ್ಕೇ. ನಿಮ್ಮ ಹುಡುಗಿಗೆ ಮಾತು ಕೇಳಿಸುವ ಕಿವಿಯೇ ಎಡಗಿವಿ. ಅದರಲ್ಲಿ ಇನ್ನು 10 ಡೆಸಿಬೆಲ್ ಹೋದರೂ ತರಗತಿಯಲ್ಲಿ ಪಾಠ ಕೇಳುವುದಕ್ಕೆ ಪೆಟ್ಟು. ಹಾಗಾಗಿ ಎಡಗಡೆಯ ಬಿಗಿಯಲ್ಲಿ ರಾಜಿ ಬೇಡ.

ಉದ್ದ ಬ್ಯಾರೆಲ್ಲಿನ .22 ರೈಫಲ್ ಶೂಟರ್ ಕಿವಿಯ ಬಳಿ ಸುಮಾರು 140 ಡೆಸಿಬೆಲ್ ಗರಿಷ್ಠ ಸದ್ದು ಕೊಡುತ್ತದೆ. ಪಿಸ್ತೂಲಿನದು ಇನ್ನೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಇಂಥ ಸಿಡಿತದ ಸದ್ದಿಗೆ ವಯಸ್ಕರಿಗೆ 140, ಮಕ್ಕಳಿಗೆ 120 ಎಂದು ಮಿತಿ ಹೇಳಿದೆ. ಅಂದರೆ ಕಡಿಮೆಯೆಂದರೂ 20 ಡೆಸಿಬೆಲ್ ನಿಜವಾಗಿ ಇಳಿಯಬೇಕು. ಡಬ್ಬಿಯ ಮೇಲಿನ ಎನ್‌ಆರ್‌ಆರ್ (ಎಷ್ಟು ಸದ್ದು ತಗ್ಗಿಸುತ್ತದೆ ಎನ್ನುವ) ಅಂಕಿಯನ್ನು ಹಾಗೇ ಕಳೆಯಬೇಡಿ, ಅದು ಪ್ರಯೋಗಾಲಯದ ಅಂಕಿ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ನಯೋಷ್ ಸಂಸ್ಥೆಯ ಸೂತ್ರದಂತೆ ಮಫ್‌ಗೆ ಅದರ ಮುಕ್ಕಾಲು ಪಾಲು, ಕಿವಿಯೊಳಗೆ ತುರುಕುವ ಫೋಮ್ ಪ್ಲಗ್‌ಗೆ ಅರ್ಧ ಪಾಲು ಹಿಡಿಯಿರಿ. ಹೋವರ್ಡ್ ಲೈಟ್ ಇಂಪ್ಯಾಕ್ಟ್ ಸ್ಪೋರ್ಟ್ ಎನ್ನುವ ಜನಪ್ರಿಯ ಎಲೆಕ್ಟ್ರಾನಿಕ್ ಮಫ್‌ನ ಅಂಕಿ 22, ಕೈಗೆ ಸಿಗುವುದು 16ರ ಆಸುಪಾಸು. 140ರಲ್ಲಿ 16 ಕಳೆದರೆ 124. ಅವಳಿಗೆ ಅದೊಂದೇ ಸಾಲದು.

ಪ್ಲಗ್ ಮೇಲೆ ಮಫ್, ಎರಡೂ ಬೇಕು. ಎರಡರ ಅಂಕಿ ಕೂಡುವುದಿಲ್ಲ. ಹೆಚ್ಚಿನದಕ್ಕೆ ಸುಮಾರು 5 ಸೇರಿಸಿ, ಅಷ್ಟೇ. ಅದಕ್ಕಿಂತ ಮೇಲೆ ತಲೆಬುರುಡೆಯ ಮೂಲಕವೇ ಸದ್ದು ಒಳಗೆ ಹೋಗುತ್ತದೆ.

ಇನ್ನು ಹಿಯರಿಂಗ್ ಏಡ್. ಗುಂಡು ಹಾರುವಾಗ ಬೇಡ, ತೆಗೆದು ಡಬ್ಬಿಯಲ್ಲಿಡಿ. ಆಫ್ ಮಾಡಿ ಕಿವಿಯಲ್ಲೇ ಬಿಟ್ಟರೆ ಅಚ್ಚೇ ಪ್ಲಗ್ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆ ಗಾಳಿರಂಧ್ರದಿಂದ ಸದ್ದು ನುಗ್ಗುತ್ತದೆ, ಮೇಲಾಗಿ ಅಚ್ಚು ಇದ್ದಲ್ಲಿ ಫೋಮ್‌ಗೆ ಜಾಗವಿಲ್ಲ. ಆನ್ ಮಾಡಿ ಮಫ್ ಹಾಕಿದರೆ ಕಿವಿ ಮುಚ್ಚುವ ಕಪ್ಪಿನೊಳಗೆ ಏಡ್‌ನ ಕೀರಲು ಕೂಗಾಟ ಶುರುವಾಗುತ್ತದೆ, ಒಳಬಂದ ಸದ್ದನ್ನೂ ಏಡ್ ಹಿಗ್ಗಿಸಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಪ್ಲಗ್ ಸೋರುತ್ತಿದ್ದರೆ ಸಾಮಾನ್ಯ ಕಿವಿಯವರಿಗೆ ಸದ್ದು ಜೋರಾಯಿತೆಂದು ಗೊತ್ತಾಗುತ್ತದೆ. ಶ್ರವಣದೋಷದ ಮಗುವಿಗೆ ಅದು ಗೊತ್ತಾಗದೇ ಇರಬಹುದು. "ಸರಿಯಾಗಿದೆಯಾ" ಎಂದು ಕೇಳಿ ಬಿಡಬೇಡಿ, ಪ್ರತಿ ಸಲ ದೊಡ್ಡವರೊಬ್ಬರು ಕಣ್ಣಾರೆ ನೋಡಬೇಕು.

ರೇಂಜ್_ಕೋಚ್:
ಮೇಲಿನದಕ್ಕೆ ರೈಫಲ್ ಕಡೆಯಿಂದ ಒಂದಿಷ್ಟು. ಎನ್‌ಆರ್‌ಆರ್ 31 ಇರುವ ಪೆಲ್ಟರ್ ಎಕ್ಸ್5ಎ ಮಫ್ ನೋಡಿ ಆಸೆಪಡಬೇಡಿ. ಅದರ ಕಪ್ ಬಹಳ ದಪ್ಪ. ಪ್ರೋನ್‌ನಲ್ಲಿ ಕೆನ್ನೆ ಇಟ್ಟ ಕೂಡಲೇ ಬಲಗಪ್ಪಿನ ಅಂಚು ಸ್ಟಾಕ್‌ಗೆ (ಕೆನ್ನೆ ಒರಗಿಸುವ ರೈಫಲ್ಲಿನ ಹಿಂಭಾಗ) ತಾಗಿ ಮೇಲೇಳುತ್ತದೆ, ಕೆಳಗೆ ಸಂದು ಬೀಳುತ್ತದೆ. ಹುಡುಗಿ ಅದನ್ನು ತಪ್ಪಿಸಲು ತಲೆ ಎತ್ತುತ್ತಾಳೆ, ಗುರಿಯೂ ಹೋಯಿತು. ಎಕ್ಸ್4ಎ ತೆಳು, ಅಂಕಿ 27. ಮುಕ್ಕಾಲು ಅಂದರೆ 20, ಒಳಗೆ ಪ್ಲಗ್‌ಗೆ 5, ಒಟ್ಟು 25. 140 ಇಳಿದು 115ಕ್ಕೆ ಬರುತ್ತದೆ. ಕೊಳ್ಳುವ ಮೊದಲು ಜಾಕೆಟ್, ಸ್ಲಿಂಗ್ (ತೋಳಿಗೆ ಕಟ್ಟುವ ರೈಫಲ್ ಪಟ್ಟಿ) ಹಾಕಿಸಿ, ಮಲಗಿಸಿ, ಖಾಲಿ ರೈಫಲ್ ಹಿಡಿಸಿ ನೋಡಿ. ಜಾಕೆಟ್ಟಿನ ಕಾಲರ್ ಕಪ್ಪನ್ನು ಕೆಳಗಿನಿಂದ ತಳ್ಳುವುದೂ ಉಂಟು. ಅಂಗಡಿಯಲ್ಲಿ ನಿಂತು ಹಾಕಿ ನೋಡಿದರೆ ಇದು ಯಾವುದೂ ತಿಳಿಯುವುದಿಲ್ಲ.

ಕನ್ನಡಕದ ದಪ್ಪ ಕಡ್ಡಿ ಮೆತ್ತೆಯ ಕೆಳಗೆ ಸಂದು ಮಾಡುತ್ತದೆ. ತೆಳು ತಂತಿಯ ಕಡ್ಡಿಯಿರುವ ಫ್ರೇಮ್ ಮಾಡಿಸಿ. ಓಲೆ ಬಿಚ್ಚಿಸಿ, ಜಡೆಯ ಕೂದಲು ಕಪ್ಪಿನೊಳಗೆ ಸಿಗದಂತೆ ಹಿಂದೆ ಕಟ್ಟಿಸಿ.

ಸ್ಪರ್ಧೆಗೆ ಎಲೆಕ್ಟ್ರಾನಿಕ್ ಮಫ್ ನಂಬಿ ಅಭ್ಯಾಸ ಮಾಡಿಸಬೇಡಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದಲ್ಲಿ ರಿಸೀವರ್ ಇರುವ ಕಿವಿರಕ್ಷಕ ಕ್ರೀಡಾಪಟುಗಳಿಗೆ ಸಲ್ಲದು. ಅಭ್ಯಾಸದಲ್ಲೂ ಅದರ ಲಾಭ ಕಡಿಮೆ. ಅಂಥ ಮಫ್‌ಗಳು ಒಳಗೆ ಕೇಳಿಸುವ ಸದ್ದು ಸಾಮಾನ್ಯವಾಗಿ 82 ಡೆಸಿಬೆಲ್ ಸುತ್ತಮುತ್ತ ದಾಟದಂತೆ ತಡೆಯುತ್ತವೆ. ಅದರಲ್ಲಿ ಅವಳ ಎಡಗಿವಿಗೆ ಕೇಳಿಸತೊಡಗಲು 40 ಬೇಕು, ಚೆನ್ನಾಗಿ ಕೂತ ಪ್ಲಗ್ ಇನ್ನೊಂದು 25–30 ತಿನ್ನುತ್ತದೆ. ಉಳಿಯುವ ಹನ್ನೆರಡು-ಹದಿನೇಳರಲ್ಲಿ ಮಾತು ಅರ್ಥವಾಗದು.

ಆದ್ದರಿಂದ ಆದೇಶಗಳನ್ನು ಕಣ್ಣಿಗೆ ಕಾಣುವಂತೆ ಮಾಡಿ. ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್‌ಗೆ ನಾಲ್ಕು ಕೈಸನ್ನೆ ಗೊತ್ತುಮಾಡಿ. ಮಲಗಿದಾಗ ಅವಳ ಕಣ್ಣಿಗೆ ಬೀಳುವ ಜಾಗದಲ್ಲಿ ಕೆಂಪು ದೀಪವೊಂದನ್ನಿಡಿ, ಹೊತ್ತಿದರೆ ನಿಲ್ಲಿಸಬೇಕು. ತುರ್ತಿಗೆ ಹಿಂದಿನಿಂದ ಎಡಗಾಲಿನ ಮೀನಖಂಡವನ್ನು ಒತ್ತಿ ಹಿಡಿಯುವುದು, ಅದರ ಅರ್ಥ ಟ್ರಿಗರ್‌ನಿಂದ ಬೆರಳು ತೆಗೆ ಎಂದು. ಭುಜ ಮುಟ್ಟಬೇಡಿ, ಬೆಚ್ಚಿದರೆ ರೈಫಲ್ ಅಲುಗುತ್ತದೆ. ಇದನ್ನು ಖಾಲಿ ರೈಫಲ್‌ನಲ್ಲಿ ರೂಢಿ ಮಾಡಿಸಿದ ಮೇಲೆಯೇ ಮದ್ದುಗುಂಡು. ಸ್ಪರ್ಧೆಯಿದ್ದರೆ ರೇಂಜ್ ಆಫೀಸರ್‌ಗೆ ಮುಂಚಿತವಾಗಿ ಬರೆದು ತಿಳಿಸಿ.

ತಿದ್ದುವ ಮಾತೆಲ್ಲ ಸರಣಿ ಮುಗಿದ ಮೇಲೆ, ಗುಂಡು ಹೊಡೆಯುವ ಗೆರೆಯಿಂದ ಹಿಂದೆ ಬಂದು, ರೇಂಜ್ ಪೂರ್ತಿ ನಿಂತಾಗ, ಏಡ್ ಹಾಕಿಸಿ. ತಗಡಿನ ಮಾಡಿನ ಒಳಾಂಗಣ ರೇಂಜ್‌ಗಿಂತ ಬಯಲು ರೇಂಜ್ ಮೇಲು. ಪಕ್ಕದ ಲೇನ್‌ನಲ್ಲಿ ಪಿಸ್ತೂಲ್ ಇದ್ದರೆ ಜಾಗ ಬದಲಿಸಿ. ಗುಂಡು ಸ್ಟ್ಯಾಂಡರ್ಡ್ ವೆಲಾಸಿಟಿಯದೇ ಇರಲಿ, ಹೈ ವೆಲಾಸಿಟಿಯದು ಶಬ್ದದ ವೇಗ ದಾಟಿ ಇನ್ನೊಂದು ಸಿಡಿತ ಸೇರಿಸುತ್ತದೆ. ಅಭ್ಯಾಸದ ದೊಡ್ಡ ಪಾಲು ಡ್ರೈ ಫೈರ್‌ನಲ್ಲೇ (ಗುಂಡಿಲ್ಲದೆ ಟ್ರಿಗರ್ ಒತ್ತುವುದು) ನಡೆಯಲಿ.

ಗುರಿಕಾರ:
ಶ್ರವಣದೋಷವಿರುವವರ ಒಲಿಂಪಿಕ್ಸ್ ಆದ ಡೆಫ್ಲಿಂಪಿಕ್ಸ್‌ಗೆ ತಯಾರು ಮಾಡಬಹುದಲ್ಲ? ಹೈದರಾಬಾದಿನ ಧನುಷ್ ಶ್ರೀಕಾಂತ್ 2022ರ ಮೇನಲ್ಲಿ ಬ್ರೆಜಿಲ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದರು.

ಶ್ರವಣತಜ್ಞೆ_ಮೈಸೂರು:
ಅಲ್ಲಿ ಚೆನ್ನಾಗಿ ಕೇಳುವ ಕಿವಿಯಲ್ಲೇ ಸರಾಸರಿ 55 ಡೆಸಿಬೆಲ್ ನಷ್ಟವಿರಬೇಕು. ಇವಳ ಎಡಗಿವಿ 40, ಅರ್ಹತೆ ಬರದು. ಎಲ್ಲರ ಜೊತೆಗಿನ ಸ್ಪರ್ಧೆಯೇ ಇವಳ ದಾರಿ.

ಕಾಫಿತೋಟ:
ಫೋಮ್ ಪ್ಲಗ್ ತಂದು ಹಾಕಿಸಿದೆವು. ಅರ್ಧ ಹೊರಗೇ ನಿಲ್ಲುತ್ತದೆ, ನೋವು ಅಂತಾಳೆ.

ಶ್ರವಣತಜ್ಞೆ_ಮೈಸೂರು:
ಕಿವಿನಾಳ ಚಿಕ್ಕದು. ಸ್ಮಾಲ್ ಅಳತೆಯದು ತರಿಸಿ. ಒಣಗಿದ ಶುದ್ಧ ಕೈಯಲ್ಲಿ ಮಡಿಕೆ ಬೀಳದ ಹಾಗೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಬಿಡಿ, 30 ಸೆಕೆಂಡ್ ಬೆರಳು ಒತ್ತಿ ಹಿಡಿಯಿರಿ. ಎದುರಿನಿಂದ ನೋಡಿದಾಗ ಕಿವಿಬಾಯಿಯ ಮುಂದಿನ ಪುಟ್ಟ ಉಬ್ಬಿನಿಂದ ಆಚೆ ಪ್ಲಗ್ ಕಂಡರೆ ಅದು ಕೂತಿಲ್ಲ. ತೆಗೆದ ಮೇಲೆ ಅದರ ಮೈಮೇಲೆ ಗೆರೆ ಬಿದ್ದಿದ್ದರೂ ಸೋರಿದೆ ಎಂದೇ ಲೆಕ್ಕ.

ಆಮೇಲೂ ನೋವಿದ್ದರೆ ಗುಗ್ಗೆ ಇದೆಯೇ ನೋಡಿಸಿ, ಅಚ್ಚು ತೆಗೆಸಿ ರಂಧ್ರವಿಲ್ಲದ ಗಟ್ಟಿ ಪ್ಲಗ್ ಮಾಡಿಸಿ. ಬೆಳೆಯುವ ಕಿವಿ, ವರ್ಷದೊಳಗೆ ಅಚ್ಚು ಸಡಿಲವಾಗುತ್ತದೆ. ಕಿವಿ ಸೋರುತ್ತಿದ್ದರೆ ಪ್ಲಗ್ ಬೇಡ, ಆ ದಿನ ಗುಂಡೂ ಬೇಡ. ಹುಟ್ಟಿನಿಂದ ಬಂದ ದೋಷವಾದ್ದರಿಂದ .22ಗೆ ಮುಂಚೆ ಇಎನ್‌ಟಿ ವೈದ್ಯರಿಂದ ಒಂದು ಮಾತು ಕೇಳಿ. ಒಳಗಿವಿಯ ರಚನೆಯ ಕೆಲವು ದೋಷಗಳಲ್ಲಿ ಉಳಿದ ಶ್ರವಣವೂ ಥಟ್ಟನೆ ಇಳಿಯುವುದುಂಟು.

ಕೊಡಗಿನಿಂದ ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ದೂರವಲ್ಲ. ಶುರುವಿಗೆ ಮೊದಲು 3, 4, 6 ಕಿಲೋಹರ್ಟ್ಸ್‌ನ ಸ್ವರಗಳನ್ನೂ ಸೇರಿಸಿ ಆಡಿಯೋಗ್ರಾಮ್ ಮಾಡಿಸಿ, ಮೊದಲ ವರ್ಷ ಆರು ತಿಂಗಳಿಗೊಮ್ಮೆ. ಹಿಂದಿನ ದಿನ ಗುಂಡಿನ ಸದ್ದಿಗೆ ಹೋಗಿರಬಾರದು. ಈ ಮೂರರಲ್ಲಿ ಯಾವುದರಲ್ಲಾದರೂ ಶ್ರವಣ 10 ಡೆಸಿಬೆಲ್ ಕುಸಿದಿದ್ದರೆ ಮತ್ತೆ ಪರೀಕ್ಷಿಸುವ ತನಕ .22 ನಿಲ್ಲಿಸಿ. ಅಭ್ಯಾಸ ಮುಗಿಸಿ ಬಂದ ಸಂಜೆ ಏಡ್‌ನ ವಾಲ್ಯೂಮ್ ಏರಿಸಿದರೆ, ಕಿವಿ ಗುಂಯ್ ಅಂದರೆ ಅದೂ ನಿಲ್ಲಿಸುವ ಸೂಚನೆಯೇ.

ತೆಂಗಿನಕಾಯಿ ಸ್ಪರ್ಧೆಯಲ್ಲಿ 12 ಬೋರ್ ಕೋವಿ ಇರುತ್ತದೆ, ಸದ್ದು 150 ದಾಟುತ್ತದೆ. ನೋಡಲು ಬಂದರೂ ಪ್ಲಗ್, ಮಫ್ ಎರಡೂ ಇರಲಿ. ಹೊಡೆಯುವವರ ಪಕ್ಕದಲ್ಲಿ ನಿಲ್ಲದೆ ಬಹಳ ಹಿಂದೆ ನಿಲ್ಲಲಿ. ಮಗು ಹುಟ್ಟಿದಾಗ ಒಂದು, ಸಾವಿಗೆ ಎರಡು ಗುಂಡು ಹಾರಿಸುವ ಮನೆಗಳಿಗೆ ಹೋಗುವಾಗಲೂ ಅವಳ ಚೀಲದಲ್ಲಿ ಒಂದು ಜೊತೆ ಪ್ಲಗ್ ಹಾಕಿಡಿ, ಗುಂಡು ಹಾರಿಸುವ ಮೊದಲು ಅವಳಿಗೆ ತಿಳಿಸಲು ಹೇಳಿರಿ.